ಕೀಟ್ಯಾಬ್‌ಗೆ ಕೈ ಹಾಕುವ ಮೊದಲು

(ಮೈಸೂರಿನಲ್ಲಿ ಸಿಸ್ಟಂ ಅಡ್ಮಿನ್‌ಗಳ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬಾಯಿಮಾತಿನಲ್ಲಿ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಬ್ಬಾಳ, ಹೂಟಗಳ್ಳಿ, ಕಡಕೊಳ, ನಂಜನಗೂಡು ಕಡೆಯ ಕಾರ್ಖಾನೆಗಳವರೇ ಜಾಸ್ತಿ. ಮಂಡ್ಯ, ಮದ್ದೂರಿನಿಂದ ರೈಲು ಹಿಡಿದು ಬಂದವರೂ ಇದ್ದೀರಿ. ನಿಮ್ಮ ಆಫೀಸುಗಳ ಚಿತ್ರ ಹೆಚ್ಚುಕಡಿಮೆ ಒಂದೇ. ಮೇಜುಗಳ ಮೇಲೆಲ್ಲ ವಿಂಡೋಸ್. ಲಾಗಿನ್‌ಗೆ ಆಕ್ಟಿವ್ ಡೈರೆಕ್ಟರಿ, ಅಂದರೆ ಎಲ್ಲರ ಖಾತೆಗಳನ್ನೂ ಒಂದೇ ಕಡೆ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ. ಮೂಲೆಯ ರ್‍ಯಾಕಿನಲ್ಲಿ ಒಂದೋ ಎರಡೋ ಲಿನಕ್ಸ್ ಸರ್ವರ್. ಅದರ ಮೇಲೆ ಹಾಜರಿಯೋ, ರಜೆ ಅರ್ಜಿಯೋ, ಸ್ಟೋರ್ಸ್ ಲೆಕ್ಕವೋ ಓಡುತ್ತಿರುತ್ತದೆ. ಬೆಳಗ್ಗೆ ವಿಂಡೋಸ್‌ಗೆ ಒಂದು ಸಲ ಪಾಸ್‌ವರ್ಡ್ ಕೊಟ್ಟರೆ ಸಾಕು, ಹಾಜರಿ ಪುಟ ಮತ್ತೆ ಕೇಳಬಾರದು. ಇದೇ ಸಿಂಗಲ್ ಸೈನ್ ಆನ್. ನಡೆಯುವಷ್ಟು ದಿನ ಅದು ಇದೆ ಅಂತಲೇ ಯಾರಿಗೂ ನೆನಪಿರುವುದಿಲ್ಲ. ಒಂದು ಸೋಮವಾರ ಪಾಸ್‌ವರ್ಡ್ ಕೇಳುವ ಬಾಕ್ಸ್ ಎದ್ದು ಬರುತ್ತದೆ. ಆಗ ಫೋನ್ ಶುರು.

ಆಮೇಲೆ ನಡೆಯುವುದು ಎಲ್ಲ ಕಡೆಯೂ ಒಂದೇ. ವಿಂಡೋಸ್ ನೋಡಿಕೊಳ್ಳುವವರು "ನಾವೇನೂ ಮುಟ್ಟಿಲ್ಲ" ಅನ್ನುತ್ತಾರೆ. ಲಿನಕ್ಸ್ ನೋಡಿಕೊಳ್ಳುವವರು ಹೊಸ ಕೀಟ್ಯಾಬ್, ಅಂದರೆ ಸರ್ವರಿನ ಗುಟ್ಟಿನ ಕೀಗಳಿರುವ ಫೈಲು, ಮಾಡಿಕೊಡಿ ಅಂತ ಕೇಳುತ್ತಾರೆ. ಅದಕ್ಕೂ ಬಗ್ಗದಿದ್ದರೆ ಸರ್ವರನ್ನು ಡೊಮೇನ್‌ನಿಂದ, ಅಂದರೆ ಆಕ್ಟಿವ್ ಡೈರೆಕ್ಟರಿಯ ಕೂಟದಿಂದ, ಬಿಡಿಸಿ ಮತ್ತೆ ಸೇರಿಸುತ್ತಾರೆ. ನಾನು ಇವತ್ತು ಬೇಡ ಅನ್ನಲು ಬಂದಿರುವುದು ಇದನ್ನೇ. ಹೊಸ ಕೀಟ್ಯಾಬ್ ಮಾಡಿದ ಗಳಿಗೆಯಲ್ಲಿ ಹಳೆಯ ಸಾಕ್ಷಿ ಅಳಿಸಿಹೋಗುತ್ತದೆ. ಅದರ ಮೇಲೆ ಹೊಸದೊಂದು ದೋಷವೂ ಸೇರಿಕೊಳ್ಳಬಹುದು. ಮೊದಲು ಎಲ್ಲಿ ನಿಂತಿದೆ ಅಂತ ನೋಡಬೇಕು, ಮುಟ್ಟುವುದು ಆಮೇಲೆ.

ಒಳಗೆ ಕೆಲಸ ಮಾಡುವುದು ಕರ್ಬರೋಸ್, ಅಂದರೆ ಟಿಕೆಟ್ ಕೊಟ್ಟು ಗುರುತು ಸಾಬೀತು ಮಾಡುವ ಪದ್ಧತಿ. ಇದು ಮೈಕ್ರೋಸಾಫ್ಟ್‌ನವರು ಹುಟ್ಟಿಸಿದ್ದಲ್ಲ. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೇನಾ ಯೋಜನೆಯ ಕೂಸು. ಐದನೇ ಆವೃತ್ತಿಯ ನಿಯಮಗಳು 1993ರಲ್ಲಿ ಆರ್‌ಎಫ್‌ಸಿ 1510 ಅನ್ನುವ ಇಂಟರ್ನೆಟ್ ದಾಖಲೆಯಾಗಿ ಬಂದವು. 2005ರಲ್ಲಿ ಅದರ ಜಾಗಕ್ಕೆ ಆರ್‌ಎಫ್‌ಸಿ 4120 ಬಂತು. ವಿಂಡೋಸ್ 2000ದ ಜೊತೆ ಆಕ್ಟಿವ್ ಡೈರೆಕ್ಟರಿ ತಂದಾಗ ಮೈಕ್ರೋಸಾಫ್ಟ್ ಇದನ್ನೇ ಹಿಡಿಯಿತು. ಹಾಗಾಗಿ ಎರಡೂ ಕಡೆಗೆ ನಿಯಮ ಒಂದೇ. ತಕರಾರು ಬರುವುದು ವಿವರಗಳಲ್ಲಿ.

ಅಕೌಂಟ್ಸ್‌ನವರೊಬ್ಬರು ಬೆಳಗ್ಗೆ ಲಾಗಿನ್ ಆದರು ಅಂತಿಟ್ಟುಕೊಳ್ಳಿ. ಡೊಮೇನ್ ಕಂಟ್ರೋಲರ್, ಅಂದರೆ ಆಕ್ಟಿವ್ ಡೈರೆಕ್ಟರಿ ಓಡುವ ಸರ್ವರ್, ಅವರ ಗುರುತು ನೋಡಿ ಒಂದು ಮೂಲ ಟಿಕೆಟ್ ಕೊಡುತ್ತದೆ. ಹಾಜರಿ ಪುಟ ತೆರೆದಾಗ ಬ್ರೌಸರ್ ಆ ಮೂಲ ಟಿಕೆಟ್ ತೋರಿಸಿ, "ಹಾಜರಿ ಸರ್ವರ್‌ಗೆ ಒಂದು ಟಿಕೆಟ್ ಕೊಡಿ" ಅಂತ ಕೇಳುತ್ತದೆ. ಈ ಎರಡನೇ ಟಿಕೆಟ್ ಬೀಗ ಹಾಕಿದ ಡಬ್ಬಿ ಇದ್ದ ಹಾಗೆ. ತೆಗೆದುಕೊಂಡು ಹೋಗುವವರಿಗೆ ಅದು ತೆರೆಯುವುದಿಲ್ಲ. ಕೀ ಇರುವುದು ಎರಡೇ ಕಡೆ: ಡೊಮೇನ್ ಕಂಟ್ರೋಲರ್‌ನಲ್ಲಿ, ಮತ್ತೆ ಲಿನಕ್ಸ್ ಸರ್ವರ್‌ನ ಕೀಟ್ಯಾಬ್ ಫೈಲಿನಲ್ಲಿ. ಲಿನಕ್ಸ್ ಸರ್ವರ್ ಆ ಹೊತ್ತಿನಲ್ಲಿ ಡೊಮೇನ್ ಕಂಟ್ರೋಲರನ್ನು ಕೇಳುವುದೇ ಇಲ್ಲ. ತನ್ನ ಕೀಯಿಂದ ತೆರೆದರೆ ಒಳಗೆ ಬಿಡುತ್ತದೆ, ಇಲ್ಲದಿದ್ದರೆ ಇಲ್ಲ.

ಇದು ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ. ಬ್ರೌಸರ್ ಟಿಕೆಟ್ ಕೇಳಲೇ ಇಲ್ಲವಾ? ಕೇಳಿದರೂ ಡೊಮೇನ್ ಕಂಟ್ರೋಲರ್ ಕೊಡಲಿಲ್ಲವಾ? ಕೊಟ್ಟ ಟಿಕೆಟ್ಟನ್ನು ಲಿನಕ್ಸ್ ತೆರೆಯಲಾಗಲಿಲ್ಲವಾ? ಈ ಮೂರರಲ್ಲಿ ಯಾವುದು ಅಂತ ಗೊತ್ತಾಗಲು ಸರ್ವರ್ ಮುಟ್ಟುವುದೇ ಬೇಕಿಲ್ಲ. ದೂರು ಹೇಳಿದವರ ಪಿಸಿಯ ಮುಂದೆ ಕೂತು ಕಮಾಂಡ್ ಪ್ರಾಂಪ್ಟಿನಲ್ಲಿ ಕೆಲಿಸ್ಟ್ ಅಂತ ಹೊಡೆಯಿರಿ. ಪಟ್ಟಿಯಲ್ಲಿ ಹಾಜರಿ ಸರ್ವರ್ ಹೆಸರಿನ ಎಚ್‌ಟಿಟಿಪಿ ಟಿಕೆಟ್ ಇದ್ದರೆ ತೊಂದರೆ ಲಿನಕ್ಸ್ ಮತ್ತು ಕೀಗಳ ಕಡೆ. ಇಲ್ಲದಿದ್ದರೆ ಬ್ರೌಸರ್ ಅಥವಾ ಹೆಸರಿನ ಕಡೆ. ಇಷ್ಟು ನೋಡದೆ ಇಮೇಲ್‌ನಲ್ಲಿ ಜಗಳ ಆಡುವ ಟೀಮುಗಳನ್ನು ಬೇಕಾದಷ್ಟು ಕಂಡಿದ್ದೇನೆ.

ಬ್ರೌಸರ್ ಕಡೆಗೆ ಒಳ್ಳೆಯ ಗುರುತೊಂದಿದೆ. ಡೆವಲಪರ್ ಟೂಲ್ಸ್ ತೆಗೆದು, ಬ್ರೌಸರ್ ಕಳಿಸಿದ ಆಥರೈಸೇಶನ್ ಹೆಡರ್ ನೋಡಿ. ನೆಗೋಶಿಯೇಟ್ ಅನ್ನುವ ಪದದ ಮುಂದೆ ಉದ್ದನೆಯ ಅಕ್ಷರಗಳ ಸಾಲು ಇರುತ್ತದೆ. ಅದು ವೈ-ಐ-ಐ ಅಂತ ಶುರುವಾದರೆ ಕರ್ಬರೋಸ್ ಟಿಕೆಟ್ ಬಂದಿದೆ. ಟಿ-ಎಲ್-ಆರ್-ಎಂ ಅಂತ ಶುರುವಾದರೆ ಬಂದಿರುವುದು ವಿಂಡೋಸ್‌ನ ಹಳೆಯ ಲಾಗಿನ್ ಪದ್ಧತಿ ಎನ್‌ಟಿಎಲ್‌ಎಂ. ಕರ್ಬರೋಸ್ ಆಗದೆ ವಿಂಡೋಸ್ ಹಿಂದಕ್ಕೆ ಸರಿದಿದೆ ಅಂತ ಅರ್ಥ. ಲಿನಕ್ಸ್ ಮೇಲೆ ಪುಟ ಕೊಡುವ ವೆಬ್ ಸರ್ವರ್, ಅಂದರೆ ನಿಮ್ಮ ಅಪಾಚೆ, ಅದನ್ನು ಒಪ್ಪುವುದಿಲ್ಲ, ಹಾಗಾಗಿ ಬಾಕ್ಸ್ ಎದ್ದು ಬರುತ್ತದೆ. ಇದಕ್ಕೆ ಕಾರಣ ಬಹಳ ಸಲ ಸಣ್ಣದು. ಯಾರೋ ವಿಳಾಸದಲ್ಲಿ ಹೆಸರಿನ ಬದಲು ಐಪಿ ನಂಬರ್ ಹಾಕಿ ಬುಕ್‌ಮಾರ್ಕ್ ಮಾಡಿರುತ್ತಾರೆ. ಐಪಿ ನಂಬರಿಗೆ ಕರ್ಬರೋಸ್ ಟಿಕೆಟ್ ಸಾಮಾನ್ಯವಾಗಿ ಸಿಗುವುದಿಲ್ಲ. ಇಲ್ಲವೇ ಚುಕ್ಕಿ ಇರುವ ಪೂರ್ಣ ಹೆಸರನ್ನು ವಿಂಡೋಸ್ ಒಳಜಾಲದ್ದು ಅಂತ ಒಪ್ಪಿರುವುದಿಲ್ಲ. ಎಲ್ಲ ಪಿಸಿಗಳಿಗೂ ನಿಯಮ ಹಂಚುವ ಗ್ರೂಪ್ ಪಾಲಿಸಿಯಲ್ಲಿ ಇಂಟ್ರಾನೆಟ್ ಪಟ್ಟಿಗೆ ಸೇರಿಸಿ. ಫೈರ್‌ಫಾಕ್ಸ್‌ಗೆ ನಂಬುವ ವಿಳಾಸಗಳ ಪಟ್ಟಿ ಬೇರೆಯೇ ಇದೆ, ಅದನ್ನು ಮರೆಯಬೇಡಿ.

ಈಗ ಹೆಸರು. ಕರ್ಬರೋಸ್‌ನಲ್ಲಿ ಪ್ರತಿ ಸೇವೆಗೂ ಒಂದು ಎಸ್‌ಪಿಎನ್, ಅಂದರೆ ಸೇವೆಯ ಹೆಸರು, ಇರುತ್ತದೆ. ಎಚ್‌ಟಿಟಿಪಿ, ಒಂದು ಓರೆಗೆರೆ, ಆಮೇಲೆ ಸರ್ವರ್ ಹೆಸರು. ಅದು ಆಕ್ಟಿವ್ ಡೈರೆಕ್ಟರಿಯಲ್ಲಿ ಯಾವುದಾದರೂ ಒಂದೇ ಒಂದು ಖಾತೆಗೆ ಸೇರಿರಬೇಕು. ಯಾವ ಖಾತೆಗೆ ಸೇರಿದೆಯೋ ಅದರ ಕೀಯಿಂದಲೇ ಟಿಕೆಟ್‌ಗೆ ಬೀಗ ಬೀಳುತ್ತದೆ. ಇಲ್ಲಿ ಸಿಕ್ಕಿಬೀಳುವ ಜಾಗಗಳು ಎರಡು.

ಸರ್ವರಿನ ನಿಜವಾದ ಹೆಸರು ಆ್ಯಪ್01. ಜನರಿಗೆ ಸುಲಭವಾಗಲಿ ಅಂತ ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಹಾಜರಿ ಅಂತ ಒಂದು ಸಿನೇಮ್, ಅಂದರೆ ಅಡ್ಡಹೆಸರು, ಹಾಕಿದ್ದೀರಿ. ಎಸ್‌ಪಿಎನ್ ಹಾಕಿದ್ದು ಹಾಜರಿ ಹೆಸರಿಗೆ, ಈ ಸೇವೆಗೆಂದೇ ಮಾಡಿದ ಸರ್ವಿಸ್ ಖಾತೆಯಲ್ಲಿ. ಆದರೆ ಕ್ರೋಮ್ ಮತ್ತು ಎಡ್ಜ್ ನೀವು ಬೇಡ ಅಂತ ಪಾಲಿಸಿಯಲ್ಲಿ ಹೇಳದ ಹೊರತು ಸಿನೇಮ್ ಹಿಂದಿರುವ ಹೆಸರನ್ನು ಹುಡುಕಿ, ಆ್ಯಪ್01ಕ್ಕೆ ಟಿಕೆಟ್ ಕೇಳುತ್ತವೆ. ನೀವು ಎಸ್‌ಪಿಎನ್ ಹಾಕದಿದ್ದರೂ ಆ ಟಿಕೆಟ್ ಸಿಕ್ಕಿಬಿಡುತ್ತದೆ! ಯಾಕೆಂದರೆ ಸರ್ವರ್ ಡೊಮೇನ್‌ಗೆ ಸೇರಿದಾಗ ಅದರ ಕಂಪ್ಯೂಟರ್ ಖಾತೆಗೆ ಹೋಸ್ಟ್ ಅನ್ನುವ ಎಸ್‌ಪಿಎನ್ ಬಂದಿರುತ್ತದೆ. ಎಚ್‌ಟಿಟಿಪಿ ಕೇಳಿದವರಿಗೂ ಆಕ್ಟಿವ್ ಡೈರೆಕ್ಟರಿ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಆಗ ಬೀಗ ಬೀಳುವುದು ಕಂಪ್ಯೂಟರ್ ಖಾತೆಯ ಕೀಯಿಂದ. ಅಪಾಚೆ ಹತ್ತಿರ ಇರುವುದು ಸರ್ವಿಸ್ ಖಾತೆಯ ಕೀ. ತೆರೆಯುವುದು ಹೇಗೆ? ನನ್ನ ಸಲಹೆ ಕೇಳಿದರೆ, ಸಿಂಗಲ್ ಸೈನ್ ಆನ್ ಬೇಕಿರುವ ಹೆಸರಿಗೆ ಸಿನೇಮ್ ಬೇಡ, ಹೆಸರನ್ನು ನೇರವಾಗಿ ಐಪಿಗೆ ಕಟ್ಟುವ ಎ ರೆಕಾರ್ಡ್ ಹಾಕಿ.

ಇನ್ನೊಂದು, ಒಂದೇ ಎಸ್‌ಪಿಎನ್ ಎರಡು ಖಾತೆಗಳಲ್ಲಿ ಕೂತಿರುವುದು. ಹಿಂದೆ ಇದ್ದವರು ಪರೀಕ್ಷೆಗೆ ಅಂತ ಒಂದು ಖಾತೆ ಮಾಡಿ ಹಾಗೇ ಬಿಟ್ಟು ಹೋಗಿರುತ್ತಾರೆ. ವಿಂಡೋಸ್‌ನಲ್ಲಿ ಸೆಟ್‌ಎಸ್‌ಪಿಎನ್ ಕಮಾಂಡಿಗೆ ಎಕ್ಸ್ ಆಯ್ಕೆ ಕೊಟ್ಟರೆ ಜೋಡಿಗಳೆಲ್ಲ ಹೊರಗೆ ಬರುತ್ತವೆ. ಹೊಸದು ಹಾಕುವಾಗ ಎ ಬದಲು ಎಸ್ ಆಯ್ಕೆ ಬಳಸಿ. ಅದು ಸೇರಿಸುವ ಮೊದಲು ಬೇರೆಲ್ಲಾದರೂ ಇದೆಯಾ ಅಂತ ನೋಡುತ್ತದೆ.

ಲಿನಕ್ಸ್ ಕಡೆಯ ಹೆಸರಿನ ತೊಂದರೆಗಳನ್ನು ಬೇಗ ಹೇಳಿಬಿಡುತ್ತೇನೆ. ಹೋಸ್ಟ್ಸ್ ಫೈಲಿನಲ್ಲಿ ಐಪಿ ಪಕ್ಕ ಪೂರ್ಣ ಹೆಸರು ಮೊದಲು ಬರಬೇಕು, ಗಿಡ್ಡ ಹೆಸರು ಆಮೇಲೆ. ರೆಲ್ಮ್, ಅಂದರೆ ಕರ್ಬರೋಸ್‌ನಲ್ಲಿ ಡೊಮೇನಿಗಿರುವ ಹೆಸರು, ಯಾವಾಗಲೂ ದೊಡ್ಡಕ್ಷರದಲ್ಲಿ. ಇಂಟರ್ನೆಟ್ ಸ್ಲೋ ಅಂತ ಯಾರೋ ಎರಡನೇ ಡಿಎನ್‌ಎಸ್ ಆಗಿ ಗೂಗಲ್‌ನ 8.8.8.8 ಹಾಕಿದ್ದರೆ ತೆಗೆಯಿರಿ. ನಿಮ್ಮ ಡೊಮೇನ್ ಕಂಟ್ರೋಲರ್ ಎಲ್ಲಿದೆ ಅಂತ ಗೂಗಲ್‌ಗೆ ಹೇಗೆ ಗೊತ್ತಿರಬೇಕು? "ಕೆಲವು ಸಲ ಬರುತ್ತೆ, ಕೆಲವು ಸಲ ಬರಲ್ಲ ಸಾರ್" ಅನ್ನುವ ದೂರು ಬಂದರೆ ನಾನು ಮೊದಲು ನೋಡುವುದು ಇದನ್ನೇ.

ಗಡಿಯಾರದ ವಿಷಯ ಎಲ್ಲರಿಗೂ ಗೊತ್ತು. ಎರಡೂ ಕಡೆ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆದರೆ ಕಣ್ಣಿಗೆ ಕಾಣದ ಎರಡು ಸಂಗತಿಗಳಿವೆ. ಕರೆಂಟ್ ಹೋಗಿ ಬಂದ ಮೇಲೆ ಟೈಂ ತಪ್ಪಿದೆ ಅಂತ ಯಾರೋ ಕೈಯಿಂದಲೇ ಸರಿಮಾಡುತ್ತಾರೆ. ಪರದೆ ಮೇಲೆ ಸರಿಯಾಗಿ ಬೆಳಗ್ಗೆ 10 ಗಂಟೆ. ಆದರೆ ಸರ್ವರಿನ ಟೈಂಜೋನ್ ನಮ್ಮದಲ್ಲ, ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿದೆ. ಅಲ್ಲಿಗೆ ಐದೂವರೆ ಗಂಟೆ ವ್ಯತ್ಯಾಸ. ಕರ್ಬರೋಸ್ ನೋಡುವುದು ಯುಟಿಸಿಯನ್ನು. ಹಾಗಾಗಿ ಡೇಟ್ ಕಮಾಂಡಿಗೆ ಯು ಆಯ್ಕೆ ಕೊಟ್ಟು ಹೋಲಿಸಿ. ಎರಡನೆಯದು, ಲಿನಕ್ಸ್‌ನಲ್ಲಿ ಟಿಕೆಟ್ ಪಡೆಯುವ ಕೆಇನಿಟ್ ಕಮಾಂಡ್ ಕೆಲಸ ಮಾಡಿತು ಅಂದ ಮಾತ್ರಕ್ಕೆ ಟೈಂ ಸರಿ ಇದೆ ಅಂತಲ್ಲ. ಲಿನಕ್ಸ್‌ನಲ್ಲಿರುವ ಎಂಐಟಿಯ ಕರ್ಬರೋಸ್ ಲೈಬ್ರರಿ ತಾನು ಟಿಕೆಟ್ ಕೇಳುವಾಗ ಡೊಮೇನ್ ಕಂಟ್ರೋಲರಿನ ಟೈಂ ನೋಡಿ ಹೊಂದಿಸಿಕೊಳ್ಳುತ್ತದೆ. ಬೇರೆಯವರ ಟಿಕೆಟ್ ತೆರೆಯುವಾಗ ಆ ಸೌಲಭ್ಯ ಇಲ್ಲ. ಗಡಿಯಾರ ಹೊಂದಿಸುವ ಕ್ರೋನಿ ಹಾಕಿ, ಡೊಮೇನ್ ಕಂಟ್ರೋಲರನ್ನೇ ಟೈಂಗೆ ತೋರಿಸಿ, ಮುಂದಕ್ಕೆ ಹೋಗೋಣ.

ಕೀಗಳ ವಿಷಯಕ್ಕೆ ಬಂದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಟೀಮುಗಳು ವಾರಗಟ್ಟಲೆ ಒದ್ದಾಡುವುದೂ ಇಲ್ಲೇ.

ಒಂದು ಕಾರ್ಖಾನೆಯ ಹಾಜರಿ ಪುಟ ವರ್ಷಗಟ್ಟಲೆ ಚೆನ್ನಾಗಿ ಓಡುತ್ತಿತ್ತು. ಆಡಿಟ್‌ನವರು ಬಂದು ಟಿಕೆಟ್‌ಗೆ ಬೀಗ ಹಾಕುವ ಆರ್‌ಸಿ4 ಎನ್‌ಕ್ರಿಪ್ಶನ್ ಹಳೆಯದು, ತೆಗೆಯಿರಿ ಅಂದರು. ಅವರು ಹೇಳಿದ್ದು ಸರಿಯೇ. ವಿಂಡೋಸ್ ಅಡ್ಮಿನ್ ಸರ್ವಿಸ್ ಖಾತೆ ತೆರೆದು, ಅದಕ್ಕಿಂತ ಹೊಸದಾದ ಎಇಎಸ್ 256 ಅನ್ನುವ ಬಾಕ್ಸಿಗೆ ಟಿಕ್ ಹಾಕಿದರು. ಅಷ್ಟೇ. ಮಾರನೇ ದಿನ ಬೆಳಗ್ಗೆ ಯಾರಿಗೂ ಹಾಜರಿ ಪುಟ ತೆರೆಯಲಿಲ್ಲ. ಹಿಂದಿನ ದಿನವೇ ಯಾಕೆ ಕೆಡಲಿಲ್ಲ? ಡೊಮೇನ್ ಕಂಟ್ರೋಲರ್ ಕೊಟ್ಟ ಟಿಕೆಟ್ ಸಾಮಾನ್ಯವಾಗಿ 10 ಗಂಟೆ ಬಾಳುತ್ತದೆ. ಜನರ ಪಿಸಿಗಳಲ್ಲಿ ಹಳೆಯ ಟಿಕೆಟ್ ಇನ್ನೂ ಇತ್ತು. ಹೀಗೆ ತಡವಾಗಿ ಕೆಡುವುದರಿಂದಲೇ "ನಾವೇನೂ ಮುಟ್ಟಿಲ್ಲ" ಅನ್ನುವುದು. ಅವತ್ತು ಮುಟ್ಟಿಲ್ಲ, ನಿಜ.

ಟಿಕ್ ಹಾಕಿದ ಮೇಲೆ ಡೊಮೇನ್ ಕಂಟ್ರೋಲರ್ ಎಇಎಸ್ ಕೀಯಿಂದ ಟಿಕೆಟ್‌ಗೆ ಬೀಗ ಹಾಕಲು ಶುರು ಮಾಡಿತು. ಕೀಟ್ಯಾಬ್‌ನಲ್ಲಿ ಇದ್ದದ್ದು ಆರ್‌ಸಿ4 ಕೀ ಒಂದೇ. ಲಿನಕ್ಸ್‌ನಲ್ಲಿ ಕೆಲಿಸ್ಟ್‌ಗೆ ಕೆ, ಟಿ, ಇ ಮೂರು ಆಯ್ಕೆ ಕೊಟ್ಟು ಹೊಡೆದರೆ ಇದು ಒಂದೇ ಸಾಲಿನಲ್ಲಿ ಕಾಣುತ್ತಿತ್ತು. ವಿಂಡೋಸ್ ಕಡೆಯಲ್ಲಿ, ಟಿಕೆಟ್ ಕೇಳಿದ್ದನ್ನು ದಾಖಲಿಸುವ ಈವೆಂಟ್ 4769 ನೋಡಿದರೂ ಆಗುತ್ತಿತ್ತು. ಟಿಕೆಟ್ ಎನ್‌ಕ್ರಿಪ್ಶನ್ ಜಾಗದಲ್ಲಿ 0x17 ಇದ್ದರೆ ಆರ್‌ಸಿ4, 0x12 ಇದ್ದರೆ ಎಇಎಸ್ 256.

ಇಲ್ಲಿಗೇ ಮುಗಿದಿದ್ದರೆ ಸುಲಭ. ಲಿನಕ್ಸ್ ಕಡೆಯವರು ಖಾತೆಯ ಪಾಸ್‌ವರ್ಡ್ ಕೇಳಿ ಪಡೆದು, ಕೀಟ್ಯಾಬ್ ಬರೆಯುವ ಕೆಟಿಯುಟಿಲ್ ಕಮಾಂಡಿನಲ್ಲಿ ತಾವೇ ಎಇಎಸ್ ಕೀ ಮಾಡಿಕೊಂಡರು. ಪಾಸ್‌ವರ್ಡ್ ಸರಿ. ಪಾಸ್‌ವರ್ಡ್ ಬದಲಾದಾಗಲೆಲ್ಲ ಏರುವ ಕೀಯ ವರ್ಶನ್ ನಂಬರ್ ಕೂಡ ಸರಿ. ಎಇಎಸ್ 256 ಅಂತ ಪಟ್ಟಿಯಲ್ಲೂ ಕಾಣುತ್ತಿದೆ. ಆದರೂ ತೆರೆಯುತ್ತಿಲ್ಲ. ಪಾಸ್‌ವರ್ಡೇ ತಪ್ಪಿರಬೇಕು ಅಂತ ಮತ್ತೆ ಮತ್ತೆ ಬದಲಿಸಿದರು.

ತಪ್ಪಿದ್ದದ್ದು ಸಾಲ್ಟ್. ಎಇಎಸ್ ಕೀ ಮಾಡುವಾಗ ಪಾಸ್‌ವರ್ಡ್ ಜೊತೆ ಇನ್ನೊಂದು ಅಕ್ಷರದ ಸರಣಿಯನ್ನು ಬೆರೆಸುತ್ತಾರೆ. ಕೆಟಿಯುಟಿಲ್‌ಗೆ ಬೇರೆ ಹೇಳದಿದ್ದರೆ ಅದು ರೆಲ್ಮ್ ಹೆಸರಿಗೆ ಎಸ್‌ಪಿಎನ್ ಅಂಟಿಸಿ ಸಾಲ್ಟ್ ಮಾಡಿಕೊಳ್ಳುತ್ತದೆ. ಆಕ್ಟಿವ್ ಡೈರೆಕ್ಟರಿ ಇಂಥ ಖಾತೆಗೆ ರೆಲ್ಮ್ ಹೆಸರಿಗೆ ಖಾತೆಯ ಲಾಗಿನ್ ಹೆಸರನ್ನು ಅಂಟಿಸಿರುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರ ಕೂಡ ಲೆಕ್ಕಕ್ಕೆ ಬರುತ್ತದೆ. ಪಾಸ್‌ವರ್ಡ್ ಒಂದೇ ಆದರೂ ಹೊರಗೆ ಬರುವ ಕೀ ಬೇರೆ. ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ ಅಂದರೆ ಆರ್‌ಸಿ4 ಕೀಗೆ ಸಾಲ್ಟೇ ಇಲ್ಲ. ಪಾಸ್‌ವರ್ಡಿನ ಎನ್‌ಟಿ ಹ್ಯಾಶೇ ಅದರ ಕೀ. ಹೇಗೆ ಮಾಡಿದರೂ ಸರಿಯಾಗುತ್ತಿತ್ತು.

ಸರಿಯಾದ ಸಾಲ್ಟ್ ಏನು ಅಂತ ಊಹೆ ಮಾಡಬೇಡಿ, ಕೇಳಿದರೆ ಡೊಮೇನ್ ಕಂಟ್ರೋಲರೇ ಹೇಳುತ್ತದೆ. ಕೆಆರ್‌ಬಿ5 ಟ್ರೇಸ್ ಅನ್ನುವ ಎನ್ವಿರಾನ್ಮೆಂಟ್ ವೇರಿಯೇಬಲ್ಲನ್ನು ಪರದೆಗೆ ತಿರುಗಿಸಿ, ಆ ಸರ್ವಿಸ್ ಖಾತೆಯ ಹೆಸರಿನಲ್ಲಿ ಕೆಇನಿಟ್ ಮಾಡಿ. ಬರುವ ಸಾಲುಗಳಲ್ಲಿ ಒಂದರಲ್ಲಿ ಆಯ್ದ ಎನ್‌ಕ್ರಿಪ್ಶನ್ ಯಾವುದು, ಸಾಲ್ಟ್ ಏನು ಅಂತ ಉದ್ಧರಣ ಚಿಹ್ನೆಯೊಳಗೆ ಬರೆದಿರುತ್ತದೆ. ಅದನ್ನು ಅಕ್ಷರ ಬಿಡದೆ ನಕಲು ಮಾಡಿ ಕೆಟಿಯುಟಿಲ್‌ನ ಎಸ್ ಆಯ್ಕೆಗೆ ಕೊಡಿ. ಹಳೆಯ ಆವೃತ್ತಿಗಳಲ್ಲಿ ಈ ಆಯ್ಕೆ ಇರಲಿಲ್ಲ, ಹೊಸದರಲ್ಲಿ ಇದೆ. ಆ ಕಾರ್ಖಾನೆಯಲ್ಲಿ ಇದಾದ ಮೇಲೆ ಪುಟ ತೆರೆಯಿತು. ಒಬ್ಬರನ್ನು ಬಿಟ್ಟು ಎಲ್ಲರಿಗೂ. ಅವರ ಕಥೆ ಆಮೇಲೆ ಹೇಳುತ್ತೇನೆ.

ಟ್ರೇಸ್ ಬಿಟ್ಟರೆ ಇನ್ನೊಂದು ಒಳ್ಳೆಯ ಸಾಕ್ಷಿ ಅಪಾಚೆಯ ಎರರ್ ಲಾಗ್. ಎಂಐಟಿ ಲೈಬ್ರರಿ ತುಂಬ ಪ್ರಾಮಾಣಿಕ. ಟಿಕೆಟ್ ತೆರೆಯದಿದ್ದರೆ ಯಾಕೆ ಅಂತ ಹೇಳುತ್ತದೆ. ಆ ಹೆಸರೇ ಕೀಟ್ಯಾಬ್‌ನಲ್ಲಿ ಇಲ್ಲ ಅಂದರೆ, ಎಸ್‌ಪಿಎನ್ ಅಥವಾ ಸಿನೇಮ್ ನೋಡಿ. ಹೆಸರಿದೆ, ಆ ವರ್ಶನ್ ನಂಬರ್ ಇಲ್ಲ, ಕೀಟ್ಯಾಬ್ ಹಳೆಯದಿರಬೇಕು ಅಂದರೆ, ಯಾರೋ ಪಾಸ್‌ವರ್ಡ್ ಬದಲಿಸಿದ್ದಾರೆ. ವರ್ಶನ್ ಇದೆ, ಆ ಎನ್‌ಕ್ರಿಪ್ಶನ್ ಇಲ್ಲ ಅಂದರೆ, ಮೇಲೆ ಹೇಳಿದ ಟಿಕ್‌ನ ಕಥೆ. ಎಲ್ಲ ಇದೆ, ಆದರೂ ಬಿಡಿಸಲಾಗುತ್ತಿಲ್ಲ ಅಂದರೆ ಸಾಲ್ಟ್ ತಪ್ಪು, ಇಲ್ಲವೇ ಎಸ್‌ಪಿಎನ್ ಬೇರೆ ಖಾತೆಯಲ್ಲಿ ಕೂತಿದೆ. ಇಂಗ್ಲಿಷಿನಲ್ಲಿ ಈ ನಾಲ್ಕು ವಾಕ್ಯಗಳು ನೋಡಲು ಒಂದೇ ತರಹ ಇರುತ್ತವೆ. ಅದಕ್ಕೇ ಜನ ಕೊನೆಯವರೆಗೆ ಓದುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನನಗೆ ಬರುವ ಸ್ಕ್ರೀನ್‌ಶಾಟ್‌ಗಳಲ್ಲಂತೂ ಆ ಸಾಲಿನ ಅರ್ಧ ಕತ್ತರಿಸಿ ಹೋಗಿರುತ್ತದೆ.

ವರ್ಶನ್ ನಂಬರ್ ಬಗ್ಗೆ ಒಂದು ಮಾತು. ವಿಂಡೋಸ್‌ನ ಕೆಟಿಪಾಸ್ ಕೀಟ್ಯಾಬ್ ಮಾಡುವಾಗ ಸಾಮಾನ್ಯವಾಗಿ ಖಾತೆಯ ಪಾಸ್‌ವರ್ಡನ್ನೂ ಹೊಸದಾಗಿ ಹಾಕುತ್ತದೆ. ಜೊತೆಗೆ ವರ್ಶನ್ ನಂಬರ್ ಒಂದು ಏರುತ್ತದೆ. ಲೋಡ್ ಬ್ಯಾಲೆನ್ಸರ್ ಹಿಂದೆ ಎರಡು ಸರ್ವರ್ ಇವೆ ಅಂತ ಎರಡು ಸಲ ಕೆಟಿಪಾಸ್ ಓಡಿಸಿದರೆ, ಎರಡನೆಯದು ಮೊದಲನೆಯದನ್ನು ಕೊಂದಿರುತ್ತದೆ. ಒಂದು ಸಲ ಮಾಡಿ, ಫೈಲನ್ನು ಎರಡೂ ಕಡೆ ಹಾಕಿ. ಡೊಮೇನ್ ಕಂಟ್ರೋಲರ್ ಹತ್ತಿರ ಈಗ ಯಾವ ನಂಬರ್ ಇದೆ ಅಂತ ತಿಳಿಯಲು ಲಿನಕ್ಸ್‌ನಲ್ಲಿ ಕೆವಿಎನ್‌ಒ ಕಮಾಂಡಿಗೆ ಎಸ್‌ಪಿಎನ್ ಕೊಡಿ. ಕೀಟ್ಯಾಬ್‌ನಲ್ಲಿರುವ ನಂಬರ್ ಜೊತೆ ಹೋಲಿಸಿ. ಸರಿಮಾಡಿದ ಮೇಲೆ ಜನರ ಪಿಸಿಗಳಲ್ಲಿ ಕೆಲಿಸ್ಟ್ ಪರ್ಜ್ ಮಾಡಿಸಿ, ಇಲ್ಲವೇ ಲಾಗಾಫ್ ಆಗಿ ಬರಲು ಹೇಳಿ. ಇಲ್ಲದಿದ್ದರೆ ಸರಿಯಾಗಿದ್ದನ್ನೂ ಸರಿಯಾಗಿಲ್ಲ ಅಂದುಕೊಂಡು ಮತ್ತೆ ಕೆಡಿಸುತ್ತೀರಿ.

ಈಗ ಆ ಒಬ್ಬರು. ಅವರು ಎಚ್‌ಆರ್ ಮುಖ್ಯಸ್ಥರು. ಎಲ್ಲರಿಗೂ ಬರುವ ಪುಟ ಅವರಿಗೆ ಮಾತ್ರ ಬರಲ್ಲ. ಅದೂ ಪಾಸ್‌ವರ್ಡ್ ಬಾಕ್ಸ್ ಅಲ್ಲ, ನೇರವಾಗಿ 400, ಬ್ಯಾಡ್ ರಿಕ್ವೆಸ್ಟ್. ಒಬ್ಬರಿಗೆ ಮಾತ್ರ ತೊಂದರೆ ಅಂದರೆ ಕೀಟ್ಯಾಬ್ ಮೇಲೆ ಅನುಮಾನ ಬಿಡಿ, ಕೀ ಎಲ್ಲರಿಗೂ ಒಂದೇ. ವಿಂಡೋಸ್ ಟಿಕೆಟ್ ಒಳಗೆ ಆ ವ್ಯಕ್ತಿ ಯಾವ ಯಾವ ಗ್ರೂಪಿನಲ್ಲಿದ್ದಾರೆ ಅನ್ನುವ ಪಟ್ಟಿಯೂ ಇರುತ್ತದೆ. ಹಳಬರು, ದೊಡ್ಡ ಹುದ್ದೆಯವರು ಎಲ್ಲ ಗ್ರೂಪಿನಲ್ಲೂ ಇರುತ್ತಾರೆ. ಟಿಕೆಟ್ ದಪ್ಪ ಆಗುತ್ತದೆ. ಹೆಡರಿಗೆ ಹಾಕುವಾಗ ಬೇಸ್64 ಮಾಡುವುದರಿಂದ ಇನ್ನೂ ಮೂರನೇ ಒಂದರಷ್ಟು ಊದುತ್ತದೆ. ಅಪಾಚೆ ಒಂದು ಹೆಡರಿಗೆ ಕೊಡುವ ಜಾಗ ಮೊದಲಿನಿಂದಲೂ 8190 ಬೈಟ್. ಲಿಮಿಟ್ ರಿಕ್ವೆಸ್ಟ್ ಫೀಲ್ಡ್ ಸೈಜ್ ಅನ್ನುವ ಸೆಟ್ಟಿಂಗ್ ಹೆಚ್ಚಿಸಿದರೆ ಆಯಿತು. ಅಪಾಚೆಯ ಮುಂದೆ ಎಂಜಿನ್ಎಕ್ಸ್ ಅನ್ನುವ ಇನ್ನೊಂದು ವೆಬ್ ಸರ್ವರ್ ಇದ್ದರೆ ಅಲ್ಲೂ ಹೆಚ್ಚಿಸಬೇಕು.

ಪ್ರಶ್ನೆಗಳಿಗೆ ಬರೋಣ.

ಹಿಂದಿನ ಸಾಲಿನ ಒಬ್ಬ ಹುಡುಗ ಕೇಳಿದ: "ಸಾರ್, ಟಿಕೆಟ್ ತೆರೀತು ಅಂತ ಲಾಗ್ ಹೇಳುತ್ತೆ. ಆದರೂ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಬಿಡಲ್ಲ. ಯಾಕೆ?" ಅಲ್ಲಿ ಗುರುತು ಒಪ್ಪಿಗೆಯಾಗಿದೆ, ಅನುಮತಿ ಸಿಕ್ಕಿಲ್ಲ. ಲಿನಕ್ಸನ್ನು ಡೊಮೇನ್‌ಗೆ ಜೋಡಿಸುವ ಎಸ್‌ಎಸ್‌ಎಸ್‌ಡಿ ಡೊಮೇನಿನ ಗ್ರೂಪ್ ಪಾಲಿಸಿಯನ್ನೂ ಓದುತ್ತದೆ. ಯಾರು ಲಾಗಿನ್ ಆಗಬಹುದು ಅಂತ ವಿಂಡೋಸ್‌ನವರು ಬರೆದ ನಿಯಮ ಲಿನಕ್ಸ್‌ಗೂ ತಗಲುತ್ತದೆ. ಎಸ್‌ಎಸ್‌ಎಸ್‌ಡಿ ಲಾಗ್ ನೋಡಿ, ಕೀಟ್ಯಾಬ್ ಮುಟ್ಟಬೇಡಿ.

ಮಂಡ್ಯದಿಂದ ಬಂದಿದ್ದ ಮೇಡಂ ಒಬ್ಬರು ಕೇಳಿದ್ದು ಇನ್ನೂ ಚೆನ್ನಾಗಿತ್ತು: "ನಮ್ಮಲ್ಲಿ ಸರ್ವಿಸ್ ಖಾತೆ ಇಲ್ಲ. ಸರ್ವರ್‌ನ ಸ್ವಂತ ಕೀಟ್ಯಾಬನ್ನೇ ಅಪಾಚೆಗೆ ಕಾಪಿ ಮಾಡಿದ್ದೀವಿ. ಸುಮಾರು ತಿಂಗಳಿಗೊಮ್ಮೆ ಕೆಡುತ್ತೆ. ಮತ್ತೆ ಕಾಪಿ ಮಾಡಿದರೆ ಸರಿಹೋಗುತ್ತೆ."

ತಿಂಗಳು ಅಂದ ಕೂಡಲೇ ಕಾರಣ ಗೊತ್ತಾಗುತ್ತದೆ, ಅಲ್ವಾ? ಎಸ್‌ಎಸ್‌ಎಸ್‌ಡಿ ಕಂಪ್ಯೂಟರ್ ಖಾತೆಯ ಪಾಸ್‌ವರ್ಡ್ 30 ದಿನ ಹಳೆಯದಾದರೆ ತಾನೇ ಬದಲಿಸುತ್ತದೆ. ಹೊಸ ಕೀಯನ್ನು ಮೂಲ ಕೀಟ್ಯಾಬ್‌ಗೆ ಬರೆಯುತ್ತದೆ. ನೀವು ಮಾಡಿದ ಕಾಪಿ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಕ್ರಾನ್ ಹಾಕಿ ದಿನಾ ಕಾಪಿ ಮಾಡುವವರಿದ್ದಾರೆ. ಕೆಲಸ ನಡೆಯುತ್ತದೆ, ಆದರೆ ಸರ್ವರಿನ ಕೀಯನ್ನೇ ವೆಬ್ ಸರ್ವರಿನ ಕೈಗೆ ಕೊಟ್ಟ ಹಾಗಾಯಿತು, ನನಗೆ ಅದು ಇಷ್ಟವಿಲ್ಲ. ಬದಲಿಗೆ ಜಿಎಸ್‌ಎಸ್‌ಪ್ರಾಕ್ಸಿ ಹಾಕಿ. ಅದು ರೂಟ್ ಆಗಿ ಓಡುತ್ತಾ ಮೂಲ ಕೀಟ್ಯಾಬನ್ನು ತಾನು ಓದಿ, ಅಪಾಚೆ ಪರವಾಗಿ ಟಿಕೆಟ್ ತೆರೆದುಕೊಡುತ್ತದೆ. ಕಾಪಿ ಫೈಲನ್ನು ಅಳಿಸಿಬಿಡಿ. ಇಲ್ಲದಿದ್ದರೆ ನಿಮ್ಮ ನಂತರ ಬರುವವರು ಯಾವುದೋ ಕಾನ್ಫಿಗ್ ಫೈಲಿನಲ್ಲಿ ಅದರ ಹೆಸರು ನೋಡಿ, ಮತ್ತೆ ಅದನ್ನೇ ಬಳಸುತ್ತಾರೆ.